ಪ್ಲೇಗ್ ಷೆಡ್ಡಿನಲ್ಲಿ ಅಪೀಮು ಬಿಟ್ಟದ್ದು

ನನಗೆ ಅಪೀಮಿನ ಚಟವಿತ್ತು. ಬಾಯಿಬಿಟ್ಟು ಹೇಳುವುದಕ್ಕಿಂತ ಬರೆಯುವುದು ಸುಲಭ ಎಂದುಕೊಂಡು ಕೂತೆ. ಬರೆದ ಮೇಲೆ ನೋಡಿದರೆ ಅದೂ ಸುಲಭವಲ್ಲ. ನಮ್ಮ ಊರಿಗಾಂ ಲೈನಿನಲ್ಲಿ, ಗಣಿ ಕೂಲಿಗಳ ಸಾಲುಮನೆಗಳಲ್ಲಿ, ನನ್ನಂಥ ಹೆಂಗಸರು ಇನ್ನೂ ಇದ್ದಾರೆ. ಅವರು ಯಾರೆಂದು ನನಗೆ ಗೊತ್ತು, ನನಗೆ ಗೊತ್ತೆಂದು ಅವರಿಗೂ ಗೊತ್ತು. ನಲ್ಲಿಯ ಹತ್ತಿರ ಸಿಕ್ಕರೆ ಮುಖ ತಿರುಗಿಸುತ್ತಾರೆ. ಅವರ ಮನೆಗಳಲ್ಲಿ ಓದಿ ಹೇಳುವ ಮಕ್ಕಳು ಯಾರಾದರೂ ಇದ್ದರೆ, ಇದು ಅವರಿಗಾಗಿ. ನಾನು ಅಕ್ಷರ ಕಲಿತದ್ದು ತಡವಾಗಿ. ಕಾಗುಣಿತದ ತಪ್ಪುಗಳನ್ನು ಮಗಳು ಲಚ್ಚಿ ತಿದ್ದಿಕೊಡುತ್ತಿದ್ದಾಳೆ. ಅವಳಿಗೀಗ ಹನ್ನೆರಡು ವರ್ಷ. ಕೆಲವು ಹಾಳೆಗಳನ್ನು ಅವಳ ಕೈಗೆ ಕೊಡುವ ಮುಂಚೆ ಬಹಳ ಹೊತ್ತು ನನ್ನ ಕೈಯಲ್ಲೇ ಹಿಡಿದುಕೊಂಡಿದ್ದೆ.

ನನ್ನ ಹೆಸರು ನಾರಾಯಣಮ್ಮ. ಬೂದಿಕೋಟೆಯ ಪಕ್ಕದ ಹಳ್ಳಿಯಲ್ಲಿ ರಾಗಿ ಬೆಳೆಯುವವರ ಮನೆಯಲ್ಲಿ ಹುಟ್ಟಿ, ಮದುವೆಯಾಗಿ ಊರಿಗಾಂಗೆ ಬಂದವಳು. ಗಂಡ ಕೃಷ್ಣಪ್ಪ ಚಿನ್ನದ ಗಣಿಗೆ ಮರ ಒದಗಿಸುವ ಯಾರ್ಡಿನಲ್ಲಿ ದಿಮ್ಮಿ ಹೊರುತ್ತಿದ್ದ. ಅತ್ತೆ ಬೆಳಗಾದರೆ ಬುಟ್ಟಿ ಹೊತ್ತು ಬಜಾರಿಗೆ ಸೊಪ್ಪು ಮಾರಲು ಹೋಗುತ್ತಿದ್ದಳು. ನಾನು ಒಂದು ಬಂಗಲೆಯಲ್ಲಿ ಕಸ ಗುಡಿಸಿ ಪಾತ್ರೆ ತೊಳೆಯುತ್ತಿದ್ದೆ. ತಟ್ಟಿ ಗೋಡೆಯ ಒಂದೇ ಕೋಣೆಯ ಮನೆ. ಹಗಲೆಲ್ಲ ಅದರಲ್ಲಿ ಯಾರೂ ಇರುತ್ತಿರಲಿಲ್ಲ, ಲಚ್ಚಿಯನ್ನು ಬಿಟ್ಟು.

ಲಚ್ಚಿಯಾದ ಮೇಲೆ ಇನ್ನೊಂದು ಹೆರಿಗೆಯಾಯಿತು. ಗಂಡು ಕೂಸು, ಒಂದು ದಿನವೂ ಉಳಿಯಲಿಲ್ಲ. ಕೂಸು ಹೋಯಿತು, ನೋವು ಉಳಿಯಿತು. ಕಿಬ್ಬೊಟ್ಟೆಯಲ್ಲಿ ಯಾರೋ ಹಗ್ಗ ಹೊಸೆದಂತೆ ತಿರುಚುತ್ತಿತ್ತು. ಪಕ್ಕದ ಮನೆಯ ಅಂಜಲೈ ಪಾಟಿ, ಸೇಲಂ ಕಡೆಯಿಂದ ಬಂದ ಮುದುಕಿ, ನಾನು ಅಳುವುದನ್ನು ಕೇಳಲಾರದೆ ಒಂದು ದಿನ ಬೆಲ್ಲದ ಚೂರಿನಲ್ಲಿ ಸಾಸಿವೆ ಕಾಳಿನಷ್ಟು ಕರೀ ಉಂಡೆ ಇಟ್ಟು ನನ್ನ ಬಾಯಿಗೆ ಹಾಕಿದಳು. "ಒಣ್ಣುಂ ಆಗಾದು ಕಣ್ಣು," ಎಂದಳು, ಏನೂ ಆಗುವುದಿಲ್ಲ ಎಂದು. ಸ್ವಲ್ಪ ಹೊತ್ತಿಗೆ ನೋವು ಎಲ್ಲಿಗೋ ಹೋಯಿತು. ಸತ್ತ ಕೂಸಿನ ಮುಖವೂ ದೂರ ಹೋಗಿ ನಿಂತಿತು. ಪಾಟಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಅವಳು ಕರುಣೆಯಿಂದಲೇ ಕೊಟ್ಟಳು.

ಸಾಸಿವೆ ಕಾಳು ಮೆಣಸಿನ ಕಾಳಾಯಿತು, ಮೆಣಸಿನ ಕಾಳು ಕಡಲೆ ಕಾಳಾಯಿತು. ಅಪೀಮನ್ನು ಯಾರೂ ಕದ್ದು ತರಬೇಕಾಗಿರಲಿಲ್ಲ. ಬಂಗಾರಪೇಟೆಯಲ್ಲಿ ಪರವಾನಗಿಯ ಬೋರ್ಡು ಹಾಕಿಕೊಂಡ ಅಂಗಡಿಯಿತ್ತು. ಪಾಟಿ ತನಗೆ ತರುವಾಗ ನನಗೂ ತರುತ್ತಿದ್ದಳು. ಮನೆಯಲ್ಲಿ ಲೇಹ್ಯ ಎಂದು ಹೇಳಿದ್ದೆ. ಆಗಿನಿಂದ ನನಗೆ ಎಲ್ಲರ ಮೇಲೂ ಅನುಮಾನ. ಗಂಡ ಸುಮ್ಮನೆ ನನ್ನ ಕಡೆ ನೋಡಿದರೂ ಸೆರಗಿನ ಗಂಟು ನೋಡುತ್ತಿದ್ದಾನೆ ಅನ್ನಿಸುತ್ತಿತ್ತು. ಅತ್ತೆ ಪೆಟ್ಟಿಗೆಯ ಹತ್ತಿರ ಕೂತರೆ ಏನಾದರೂ ನೆಪ ಹೇಳಿ ಎಬ್ಬಿಸುತ್ತಿದ್ದೆ. ಬಚ್ಚಿಟ್ಟವಳು ನಾನು, ಆದರೆ ಎಲ್ಲರೂ ನನ್ನಿಂದ ಏನೋ ಬಚ್ಚಿಡುತ್ತಿದ್ದಾರೆಂದು ನನಗೆ ಖಾತ್ರಿಯಾಗಿತ್ತು.

ಈಗ ಆ ಮಾತನ್ನು ಬರೆಯಬೇಕು. ನಾನು ಲಚ್ಚಿಗೂ ಕೊಡುತ್ತಿದ್ದೆ. ಕೆಲಸಕ್ಕೆ ಹೋಗುವಾಗ ಅವಳು ಕಾಲು ಹಿಡಿದುಕೊಂಡು ಚೀರುತ್ತಿದ್ದಳು. ಉಗುರಿನ ತುದಿಯಲ್ಲಿ ಒಂಚೂರು ತೆಗೆದು ನಾಲಿಗೆಗೆ ಸವರಿದರೆ ಮಧ್ಯಾಹ್ನದವರೆಗೆ ಮಲಗುತ್ತಿದ್ದಳು. ಲೈನಿನಲ್ಲಿ ಹಾಗೆ ಮಾಡುತ್ತಿದ್ದವಳು ನಾನೊಬ್ಬಳೇ ಅಲ್ಲ. ಆದರೆ ಅದನ್ನು ಹೇಳಿ ಹಗುರ ಮಾಡಿಕೊಳ್ಳಲಾರೆ.

ಒಂದು ದಿನ ಮಧ್ಯಾಹ್ನ ಬಂದಾಗ ಲಚ್ಚಿ ಬೆಳಗ್ಗೆ ಮಲಗಿಸಿದ ಹಾಗೆಯೇ ಇದ್ದಳು. ಒಂದು ಮಗ್ಗುಲೂ ಹೊರಳಿರಲಿಲ್ಲ. ತುಟಿ ನೇರಳೆ ಹಣ್ಣು ತಿಂದವಳ ಹಾಗಿತ್ತು. ಎತ್ತಿದರೆ ಕತ್ತು ನಿಲ್ಲಲಿಲ್ಲ. ಅಷ್ಟು ಹೊತ್ತಿಗೆ ಪಾಳಿ ಮುಗಿಸಿ ಬಂದ ಕೃಷ್ಣಪ್ಪ ಮಗುವನ್ನು ಕಿತ್ತುಕೊಂಡು ಓಡಿದ. ನಾನು ಹಿಂದೆ ಓಡಿದೆ.

ಆಸ್ಪತ್ರೆಯ ಜಗಲಿಯಲ್ಲಿ ಡಾಕ್ಟರು ಮಗುವಿನ ರೆಪ್ಪೆ ಎತ್ತಿ ನೋಡಿ ನನ್ನನ್ನು ಕೇಳಿದರು, "ಏನು ಕೊಟ್ಟೆ?"

"ಏನೂ ಇಲ್ಲ ಸ್ವಾಮಿ."

"ಏನೂ ಕೊಟ್ಟಿಲ್ಲವಾ?"

"ದೇವರಾಣೆಗೂ ಇಲ್ಲ."

ಮಗಳ ಪ್ರಾಣ ಹೋಗುತ್ತಿತ್ತು, ನಾನು ಸುಳ್ಳು ಹೇಳಿದೆ. ನನ್ನ ಕಾಯಿಲೆ ಎಂಥದೆಂದು ಯಾರಾದರೂ ಕೇಳಿದರೆ ನಾನು ವಾಂತಿಯನ್ನೋ ಕಾಲಿನ ಸೆಳೆತವನ್ನೋ ಹೇಳುವುದಿಲ್ಲ. ಅದು ಇದು, ಆ ಜಗಲಿಯಲ್ಲಿ ಆಡಿದ ಆ ಎರಡು ಮಾತು.

ಡಾಕ್ಟರು ಮತ್ತೆ ಕೇಳಲಿಲ್ಲ. ಅವರಿಗೆ ಗೊತ್ತಾಗಿತ್ತು. ಮಗುವಿನ ಹೊಟ್ಟೆ ತೊಳೆಸಿದರು. ಗಟ್ಟಿ ಕಾಫಿ ಡಿಕಾಕ್ಷನ್ ತರಿಸಿ ಚಮಚದಲ್ಲಿ ಗಂಟಲಿಗೆ ಬಿಟ್ಟರು. ಕೃಷ್ಣಪ್ಪ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತ, ಅಂಗಾಲಿಗೆ ತಟ್ಟುತ್ತ, "ಏಳು ನನ್ನವ್ವಾ, ಏಳೇ ಲಚ್ಚೀ," ಎನ್ನುತ್ತಿದ್ದ. ಕಾದು ಕೂತ ಬೇರೆ ರೋಗಿಗಳು ಕಾಲು ಮಡಿಸಿ ಅವನಿಗೆ ದಾರಿ ಬಿಟ್ಟರು. ಬಿಸಿಲು ಇಳಿಯುವ ಹೊತ್ತಿಗೆ ಲಚ್ಚಿ ಬೆಕ್ಕಿನ ಮರಿಯಂತೆ ಒಂದು ಸಲ ಅತ್ತಳು. ಕೃಷ್ಣಪ್ಪ ನೆಲದ ಮೇಲೆ ಕೂತುಬಿಟ್ಟ.

ಡಾಕ್ಟರು ಮಗುವನ್ನು ಬಿಟ್ಟು ನನ್ನ ಹತ್ತಿರ ಬಂದರು. "ಮುಖ ಬೆಳಕಿಗೆ ತಿರುಗಿಸಮ್ಮ," ಎಂದರು. ನನ್ನ ಕಣ್ಣನ್ನೂ ಹಾಗೆಯೇ ರೆಪ್ಪೆ ಎಳೆದು ನೋಡಿದರು. "ಪಾಪೆ ಸೂಜಿ ಮೊನೆಯಷ್ಟಾಗಿದೆ. ಎಷ್ಟು ದಿನದಿಂದ ತಿಂತಿದ್ದೀಯ?"

ಕೃಷ್ಣಪ್ಪ ತಲೆಯೆತ್ತಿದ. "ಏನು ತಿಂತಾಳೆ ಸ್ವಾಮಿ?"

ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಸಿಟ್ಟಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಬಂಗಾರಪೇಟೆಯಲ್ಲಿ ಒಂದು ಹೊಸ ಜಾಗ ತೆರೆದಿದ್ದಾರೆ, ಅಪೀಮು ಬಿಡಿಸುತ್ತಾರೆ, ಮೂರು ತಿಂಗಳು ಅಲ್ಲೇ ಇರಬೇಕು ಎಂದು ಡಾಕ್ಟರು ಹೇಳಿದರು. ಎಲ್ಲಿ ಎಂದು ಕೇಳಿದಾಗ, "ರೈಲು ಹಳಿ ಪಕ್ಕದ ಹಳೇ ಪ್ಲೇಗ್ ಷೆಡ್ಡು," ಎಂದರು.

ಆ ಹೆಸರು ಕೇಳಿದರೆ ನಮ್ಮ ಕಡೆಯವರು ಆಗ ಉಗುಳು ನುಂಗುತ್ತಿದ್ದರು. ಪ್ಲೇಗಿನ ಕಾಲದಲ್ಲಿ ರೈಲಿನಿಂದ ಇಳಿದವರನ್ನು ಅಲ್ಲಿ ನಿಲ್ಲಿಸಿ ಕಂಕುಳು ಮುಟ್ಟಿ ನೋಡುತ್ತಿದ್ದರಂತೆ. ಮೈ ಬಿಸಿಯಾಗಿದ್ದವರನ್ನು ಒಳಗೆ ಹಾಕುತ್ತಿದ್ದರಂತೆ. ಪ್ಲೇಗು ಹೋದ ಮೇಲೆ ಸರ್ಕಾರ ಆ ಕಟ್ಟಡವನ್ನು ಮರೆತೇಬಿಟ್ಟಿತ್ತು. ಮಳೆ ಬಂದರೆ ಆಡಿನವರು ಕೂಡ ಅಲ್ಲಿ ನಿಲ್ಲುತ್ತಿರಲಿಲ್ಲ.

ಅತ್ತೆಗೆ ಸುದ್ದಿ ತಿಳಿದಾಗ ಸೊಪ್ಪಿನ ಬುಟ್ಟಿಯನ್ನು ಹೊಸಿಲಲ್ಲೇ ಇಳಿಸಿದಳು. "ನಮ್ಮಕ್ಕಯ್ಯನ್ನ ಅಲ್ಲಿಗೇ ಎಳ್ಕಂಡೋಗಿದ್ದು. ಒಳಕ್ಕೋದೋರು ಯಾರು ಈಚೆಗೆ ಬಂದವ್ರೆ ಏಳು? ಸೀರೆ ಸುಟ್ಟಾಕಿದ್ರು. ಮಕ ತೋರ್ಸಲಿಲ್ಲ."

"ಅದು ಆವಾಗಮ್ಮ," ಎಂದ ಕೃಷ್ಣಪ್ಪ. "ಈಗ ಅಂಗಿಲ್ವಂತೆ."

"ನಿಂಗೇನ್ಲಾ ಗೊತ್ತು? ಅಪೀಮು ಮಾರೋಕೆ ಬೋರ್ಡು ಕೊಟ್ಟೋರು ಅವ್ರೇ, ಬಿಡ್ಸೋರೂ ಅವ್ರೇನಾ? ಟೀ ತೋಟಕ್ಕೆ ಕೂಲಿಗೆ ಸಾಗಿಸ್ತಾರೆ ನೋಡ್ತಿರು."

ಅತ್ತೆಯ ಮಾತು ನನಗೆ ಸರಿಯೆನ್ನಿಸಿತು. ನನ್ನ ಅನುಮಾನ ಮಾತ್ರ ಇನ್ನೂ ಹತ್ತಿರದ್ದು. ಮೂರು ತಿಂಗಳು ನಾನಿಲ್ಲದಿದ್ದರೆ ಈ ಮನೆಗೆ ಇನ್ನೊಬ್ಬಳು ಬರುತ್ತಾಳೆ. ಅಪೀಮು ತಿನ್ನುವವಳನ್ನು, ಕೂಸನ್ನು ಸಾಯಿಸಲು ಹೊರಟವಳನ್ನು ಯಾವ ಗಂಡ ಇಟ್ಟುಕೊಳ್ಳುತ್ತಾನೆ? ಷೆಡ್ಡು ಒಂದು ನೆಪ. ಆದರೆ ಹೋಗುವುದಿಲ್ಲ ಎನ್ನುವ ಬಾಯಿ ನನಗಿರಲಿಲ್ಲ. ಹೊರಡುವಾಗ ತುರುಬಿನೊಳಗೆ ಅಪೀಮಿನ ಉಂಡೆ ಇಟ್ಟು ಹೆಣೆದುಕೊಂಡೆ.

ಊರಿಗಾಂನಿಂದ ಬಂಗಾರಪೇಟೆಗೆ ರೈಲಿನಲ್ಲಿ ಹೋದೆವು. ಕೃಷ್ಣಪ್ಪ ಎದುರು ಕೂತಿದ್ದ. ದಾರಿಯುದ್ದಕ್ಕೂ ಅವನು ಆಡಿದ್ದು ಒಂದೇ ಮಾತು: "ನಂಗ್ಯಾಕೆ ಏಳ್ಲಿಲ್ಲ ನೀನು?"

ಷೆಡ್ಡು ಉದ್ದನೆಯ ಕಟ್ಟಡ, ಹೆಂಚಿನ ಮಾಡು, ಕೈಗೆಟುಕದ ಕಿಟಕಿಗಳು. ಬಾಗಿಲ ಮೇಲೆ ಗಂಡಭೇರುಂಡದ ಮುದ್ರೆಯಿತ್ತು, ಒಂದು ತಲೆ ಉದುರಿಹೋಗಿತ್ತು. ಹೊಸದಾಗಿ ಸುಣ್ಣ ಬಳಿದಿದ್ದರು. ಆದರೂ ಗೋಡೆಯ ಮೇಲೆ ಹಾಸಿಗೆಗೊಂದರಂತೆ ಬರೆದಿದ್ದ ಹಳೆಯ ನಂಬರುಗಳು ಸುಣ್ಣದೊಳಗಿಂದ ಕರ್ರಗೆ ಕಾಣುತ್ತಿದ್ದವು. ನನಗೆ ಕೊಟ್ಟ ಚಾಪೆ ಅಂಥ ಒಂದು ನಂಬರಿನ ಕೆಳಗೆ. ಅತ್ತೆಯ ಅಕ್ಕ ಇಲ್ಲೇ ಮಲಗಿದ್ದಳೇನೋ ಎಂದುಕೊಂಡೆ.

ಗಂಡಸರದು ಆ ಬದಿ, ಹೆಂಗಸರದು ಈ ಬದಿ. ಹೆಂಗಸರು ಐವರೇ. ನಮ್ಮನ್ನು ನೋಡಿಕೊಳ್ಳುತ್ತಿದ್ದ ನರ್ಸಮ್ಮ ಮಂಗಳೂರು ಕಡೆಯವಳು, ಎತ್ತರದ ಹೆಂಗಸು, ನಕ್ಕದ್ದನ್ನು ನಾನು ನೋಡಿಲ್ಲ. ಬಂದ ಕೂಡಲೇ ಸೀರೆಯ ಅಂಚು, ರವಿಕೆಯ ಹೊಲಿಗೆ, ಉಗುರಿನ ಸಂದಿ ಎಲ್ಲ ನೋಡಿದಳು. ಕೊನೆಗೆ, "ತುರುಬು ಬಿಚ್ಚು," ಎಂದಳು. ಉಂಡೆ ನೆಲಕ್ಕೆ ಬಿತ್ತು. ನಾನು ಬಗ್ಗುವ ಮುಂಚೆ ಅದರ ಮೇಲೆ ಅವಳ ಚಪ್ಪಲಿಯಿತ್ತು.

"ಇದೊಂದೇನಾ?"

"ಇದೊಂದೇ ಕಣಮ್ಮ."

ಅವಳು ಮೇಜಿನ ಮೇಲಿದ್ದ ದಪ್ಪ ಪುಸ್ತಕ ತೆಗೆದು ಏನೋ ಬರೆದಳು. ನಾನು ಹೇಳಿದ್ದಕ್ಕಿಂತ ಹೆಚ್ಚು ಬರೆದಳು. ಏನು ಬರೆದಳು? ಅದನ್ನು ಯಾರಿಗೆ ಕಳಿಸುತ್ತಾಳೆ? ಬಂಗಲೆಯವರಿಗಾ, ಪೊಲೀಸಿನವರಿಗಾ, ಗಂಡನಿಗಾ? ದಿನಾ ಸಂಜೆ ಅವಳು ನಮ್ಮ ಒಬ್ಬೊಬ್ಬರ ಮುಖ ನೋಡಿ ಆ ಪುಸ್ತಕದಲ್ಲಿ ಬರೆಯುತ್ತಿದ್ದಳು. ಸೂಜಿಗಿಂತ, ಕಷಾಯಕ್ಕಿಂತ ನನಗೆ ಭಯ ಹುಟ್ಟಿಸಿದ್ದು ಆ ಪುಸ್ತಕ.

ಮೊದಲ ವಾರದ ವಿಷಯ ಹೆಚ್ಚು ಬರೆಯುವುದಿಲ್ಲ. ಅನುಭವಿಸಿದವರಿಗೆ ಗೊತ್ತು. ಆಕಳಿಕೆ ಶುರುವಾದರೆ ದವಡೆ ಸೋಲುವವರೆಗೂ ನಿಲ್ಲದು. ಕಣ್ಣು ಮೂಗು ಎರಡರಲ್ಲೂ ನೀರು. ಬಿಸಿಲಲ್ಲಿ ಕೂತರೂ ಮೈ ಜುಮ್ಮೆಂದು ಕೂದಲು ಏಳುತ್ತದೆ. ಕಾಲುಗಳು ನಮ್ಮ ಮಾತು ಕೇಳದೆ ಒದೆಯುತ್ತವೆ. ಹೊಟ್ಟೆ ನೀರಾಗಿ ಹೋಗುತ್ತದೆ. ಹಳೆಯ ನೋವು, ಅಪೀಮು ಇಷ್ಟು ದಿನ ಮುಚ್ಚಿಟ್ಟಿದ್ದ ಆ ನೋವು, ಒಂದೂ ಕಳೆಯದೆ ಹಾಗೇ ಎದ್ದು ಬಂತು. ಕೂಸೂ ಬಂತು. ಅದಕ್ಕಾಗಿ ನಾನು ಅತ್ತೇ ಇರಲಿಲ್ಲ ಎಂದು ಆಗ ಗೊತ್ತಾಯಿತು. ನರ್ಸಮ್ಮ ಬಿಸಿ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಹೊಟ್ಟೆಯ ಮೇಲೆ ಇಟ್ಟಳು, ತಣ್ಣಗಾದರೆ ಬದಲಿಸಿದಳು. ಆಗಲೂ ಯಾಕೆ ಇಷ್ಟು ಮಾಡುತ್ತಾಳೆ, ಏನು ಬೇಕು ಇವಳಿಗೆ ಎಂದು ನಾನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆ.

ಬೆಳಗ್ಗೆ ಸಂಜೆ ಒಂದು ಗಾಜಿನ ಲೋಟದಲ್ಲಿ ಕಂದು ಬಣ್ಣದ ಔಷಧಿ ಕೊಡುತ್ತಿದ್ದರು. ಮೊದಲ ದಿನ ವಿಷವೇನೋ ಎಂದು ಕದ್ದು ಉಗುಳಿದೆ, ಕುಡಿದರೆ ಮಾತ್ರ ಸ್ವಲ್ಪ ಸಮಾಧಾನ. ಮೂರನೆಯ ದಿನ ನನಗೆ ನಾಲಿಗೆಯಲ್ಲೇ ತಿಳಿಯಿತು. ಲೋಟ ಪಕ್ಕಕ್ಕಿಟ್ಟೆ. ಇಲ್ಲಿನ ಡಾಕ್ಟರು, ಬಿಳಿ ಮೀಸೆಯವರು, ಸುತ್ತು ಬಂದಾಗ ಎದ್ದು ನಿಂತೆ.

"ಇದ್ರಾಗೆ ಅಪೀಮು ಐತೆ. ನಂಗೆ ರುಚಿ ಗೊತ್ತಿಲ್ವಾ? ಬಿಡಿಸ್ತೀವಿ ಅಂತೇಳಿ ನೀವೇ ಕುಡಿಸ್ತಾ ಇದ್ದೀರಿ."

ಪಕ್ಕದವರೆಲ್ಲ ತಿರುಗಿ ನೋಡಿದರು. ಡಾಕ್ಟರು ಇಲ್ಲವೆನ್ನುತ್ತಾರೆ, ಬೈಯುತ್ತಾರೆ ಎಂದುಕೊಂಡಿದ್ದೆ.

"ಹೌದಮ್ಮ, ಇದೆ," ಎಂದರು. "ಒಂದೇ ಸಲ ನಿಲ್ಲಿಸಿದರೆ ನಿನ್ನ ಮೈ ತಡೆಯೋದಿಲ್ಲ. ದಿನಾ ಸ್ವಲ್ಪ ಸ್ವಲ್ಪ ಕಡಿಮೆ ಮಾಡ್ತೀವಿ. ಒಂದು ದಿನ ಅದರಲ್ಲಿ ಏನೂ ಇರೋದಿಲ್ಲ."

"ಕಡಿಮೆ ಮಾಡ್ತೀರೋ ಜಾಸ್ತಿ ಮಾಡ್ತೀರೋ ನಂಗೇನು ಗೊತ್ತು?"

ಅವರು ಯೋಚಿಸಿದರು. "ನಾಳೆಯಿಂದ ಅಳೆಯೋವಾಗ ಬಂದು ನಿಂತುಕೋ," ಎಂದರು.

ನಿಂತುಕೊಂಡೆ. ಕಾಂಪೌಂಡರು ಗೆರೆ ಕೊರೆದ ಗಾಜಿನ ಅಳತೆಯಲ್ಲಿ ಆ ಕಂದು ಔಷಧಿ ಹೊಯ್ದು ಬೆಳಕಿಗೆ ಹಿಡಿದು ತೋರಿಸುತ್ತಿದ್ದ. ಕೆಲವು ದಿನಕ್ಕೊಮ್ಮೆ ಒಂದು ಗೆರೆ ಕೆಳಗೆ. ಮೊದಮೊದಲು ಅವನು ಬೆರಳು ಅಡ್ಡ ಇಟ್ಟು ಮೋಸ ಮಾಡುತ್ತಾನೆಂದು ಬಗ್ಗಿ ಬಗ್ಗಿ ನೋಡುತ್ತಿದ್ದೆ. ಆಮೇಲಾಮೇಲೆ, ಗೆರೆ ಇಳಿದಷ್ಟೂ ನನ್ನ ಅನುಮಾನ ಬೇರೆ ಕಡೆ ತಿರುಗಿತು. ಇಷ್ಟೇನಾ, ನನ್ನ ಪಾಲನ್ನು ಇವನೇ ತಿನ್ನುತ್ತಾನಾ ಎಂದು.

ಮೊದಲ ಭಾನುವಾರ ಕೃಷ್ಣಪ್ಪ ಬರಲಿಲ್ಲ. ಎರಡನೆಯ ಭಾನುವಾರ ಬಂದ. ಹೊರಗೆ ಬೇವಿನ ಮರದಡಿ ಕೂತು ಕಡಲೆಪುರಿ ಪೊಟ್ಟಣ ಮುಂದಿಟ್ಟ. ನನ್ನ ಕಣ್ಣು ಹೋದದ್ದು ಅವನ ಅಂಗಿಯ ತೋಳಿಗೆ. ಅರಿಸಿನದ ಕಲೆ.

"ಯಾರ ಮನೆಗೋಗಿದ್ದೆ?"

"ಯಾರ ಮನೆಗೂ ಇಲ್ಲ. ಯಾಕೆ?"

"ಅರಿಸಿನ ಎಲ್ಲಿಂದ ಬಂತು? ಎಣ್ಣು ನೋಡೋಕೋಗಿದ್ಯಾ?"

ಅವನಿಗೆ ಒಂದು ಗಳಿಗೆ ಅರ್ಥವೇ ಆಗಲಿಲ್ಲ. ಆಮೇಲೆ ಎಡಗೈಯ ಬಟ್ಟೆ ತೋರಿಸಿದ. "ದಿಮ್ಮಿ ಜಾರಿ ಬಿತ್ತು. ಅಮ್ಮ ಅರಿಸಿನ ಕಟ್ಟವ್ಳೆ. ಅದ್ಕೇ ಓದ್ವಾರ ಬರೋಕಾಗ್ಲಿಲ್ಲ."

"ಬಿಚ್ಚು, ನೋಡ್ತೀನಿ."

ಅವನು ಬಿಚ್ಚಿದ. ಎರಡು ಬೆರಳು ಜಜ್ಜಿ ಹೋಗಿದ್ದವು, ಒಂದರ ಉಗುರೇ ಇರಲಿಲ್ಲ. ನಾನು ಕಡಲೆಪುರಿಯ ಕಡೆ ನೋಡುತ್ತ ಕೂತೆ. ಅವನು ಬಟ್ಟೆಯನ್ನು ಹಲ್ಲಿನಿಂದ ಹಿಡಿದು ಒಂದೇ ಕೈಯಲ್ಲಿ ಕಟ್ಟಿಕೊಳ್ಳಲು ಒದ್ದಾಡಿದ. ನಾನು ಕಟ್ಟಿಕೊಟ್ಟೆ.

"ಲಚ್ಚಿ ಎಂಗವಳೆ?"

"ಚೆನ್ನಾಗವಳೆ. ಅಮ್ಮ ಬಜಾರಿಗೆ ಓಗೋದು ಬಿಟ್ಟು ನೋಡ್ಕೊಂತವಳೆ."

"ನನ್ನ ಕೇಳ್ತಾಳಾ?"

ಅವನು ಸ್ವಲ್ಪ ತಡೆದು, "ಕೇಳ್ತಾಳೆ," ಎಂದ. ಆ ತಡೆದದ್ದನ್ನು ಹಿಡಿದುಕೊಂಡು ಒಂದು ವಾರ ಒದ್ದಾಡಿದೆ.

ನನ್ನ ಪಕ್ಕದ ಚಾಪೆ ರುಕ್ಮಿಣಮ್ಮನದು. ಮೇಷ್ಟರೊಬ್ಬರ ವಿಧವೆ, ಉಬ್ಬಸಕ್ಕೆಂದು ಅಪೀಮು ಹಿಡಿದವಳು, ನನಗಿಂತ ಇಪ್ಪತ್ತು ವರ್ಷ ದೊಡ್ಡವಳು. ಅವಳಿಗೆ ಓದು ಬರುತ್ತಿತ್ತು. ನರ್ಸಮ್ಮನ ಪುಸ್ತಕ ಕನ್ನಡದ್ದು ಎಂದು ಹೇಳಿದ್ದೂ ಅವಳೇ. ಅವತ್ತೇ ಕೇಳಿದೆ, "ಅಮ್ಮಾ, ನಂಗೆ ಅಕ್ಷರ ಏಳ್ಕೊಡ್ತೀರಾ?"

"ಈ ವಯಸ್ಸಲ್ಲಿ ಯಾಕೆ ತಾಯಿ?"

"ಅವಳು ನನ್ನ ಬಗ್ಗೆ ಏನು ಬರೀತಾಳೋ ನೋಡ್ಬೇಕು."

ರುಕ್ಮಿಣಮ್ಮ ಕೆಮ್ಮುವವರೆಗೂ ನಕ್ಕಳು. ಆದರೆ ಕಲಿಸಿದಳು. ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಬರೆದು, ನನ್ನ ಕೈ ಹಿಡಿದು ತಿದ್ದಿಸಿದಳು. ಜನ ದೇವರ ಹೆಸರು ಓದಲು ಕಲಿಯುತ್ತಾರೆ, ಮಗನ ಕಾಗದ ಓದಲು ಕಲಿಯುತ್ತಾರೆ. ನಾನು ಕಲಿತದ್ದು ಅನುಮಾನದಿಂದ. ಅನುಮಾನಕ್ಕೆ ಬಹಳ ಶಕ್ತಿಯಿದೆ. ಒಂದೂವರೆ ತಿಂಗಳಲ್ಲಿ ಒತ್ತಕ್ಷರದವರೆಗೂ ಬಂದಿದ್ದೆ. ಹೊಟ್ಟೆಯ ನೋವು ಕಲಿಯುವ ಹೊತ್ತಿನಲ್ಲಿ ಸ್ವಲ್ಪ ದೂರ ಕೂತಿರುತ್ತಿತ್ತು.

ಅಷ್ಟರಲ್ಲಿ ಒಂದು ಬೆಳಗ್ಗೆ ಚಾಪೆಗಳನ್ನು ಕೊಡವಿ ಬಿಸಿಲಿಗೆ ಹಾಕುವಾಗ ನನ್ನ ಚಾಪೆಯ ಕೆಳಗೆ ಎಲೆಯಲ್ಲಿ ಸುತ್ತಿದ ಅಪೀಮು ಸಿಕ್ಕಿತು. ಹೊಸದು, ಮೆತ್ತಗಿತ್ತು.

"ನಂದಲ್ಲ," ಎಂದೆ.

ಯಾರೂ ನಂಬಲಿಲ್ಲ. ಯಾಕೆ ನಂಬಬೇಕು? ತುರುಬಿನಲ್ಲಿ ತಂದವಳು ನಾನು. ಮೊದಲ ವಾರ ಔಷಧಿ ಉಗುಳಿ, ಕುಡಿದೆನೆಂದು ಹೇಳಿದವಳೂ ನಾನೇ. ಉಳಿದ ಹೆಂಗಸರು ತಮ್ಮ ಚಾಪೆಗಳನ್ನು ನನ್ನಿಂದ ಒಂದು ಮಾರು ಆಚೆಗೆ ಎಳೆದುಕೊಂಡರು. ನರ್ಸಮ್ಮ ಎಲೆಯನ್ನು ಮೂಸಿ ನೋಡಿ, ನನ್ನ ಮುಖ ನೋಡಿ, "ಯಾರದು ಹಾಗಾದರೆ?" ಎಂದು ಕೇಳಿದಳು.

ರುಕ್ಮಿಣಮ್ಮ ಗೋಡೆಗೆ ಒರಗಿ ಕೂತಿದ್ದಳು. ಅವಳ ಹೆಬ್ಬೆರಳಿನ ತುದಿ ಕಪ್ಪಗಿದ್ದುದನ್ನು ನಾನು ಮುಂಚಿನ ಸಂಜೆ ಕಂಡಿದ್ದೆ. ಅವತ್ತು ಅವಳನ್ನು ನೋಡಲು ನೆಂಟರು ಬಂದು ಹೋಗಿದ್ದರು. ಆದರೆ ಹೆಬ್ಬೆರಳು ಒಲೆಯ ಮಸಿಯಿಂದಲೂ ಕಪ್ಪಾಗುತ್ತದೆ. ಇವತ್ತಿಗೂ ನಾನು ಆಣೆ ಇಟ್ಟು ಹೇಳಲಾರೆ.

"ನಂಗೊತ್ತಿಲ್ಲ," ಎಂದೆ. "ನಂದಲ್ಲ, ಅಷ್ಟೇ."

ನರ್ಸಮ್ಮ ಎಲೆಯನ್ನು ಒಲೆಗೆ ಹಾಕಿದಳು. ಸಂಜೆ ಪುಸ್ತಕದಲ್ಲಿ ಬರೆದಳು. ನನ್ನನ್ನು ಓಡಿಸುತ್ತಾರೆ, ಕೃಷ್ಣಪ್ಪನಿಗೆ ಹೇಳಿ ಕಳಿಸುತ್ತಾರೆ, ಅವನು ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದು ಮೂರು ದಿನ ಗಂಟು ಕಟ್ಟಿಟ್ಟುಕೊಂಡು ಕಾದೆ. ವಿಚಿತ್ರವೆಂದರೆ, ಆ ಮೂರು ದಿನದಲ್ಲಿ ನನಗೆ ಅಪೀಮಿನ ಮೇಲೆ ಆಸೆಯಾಗಲಿಲ್ಲ, ಬರೀ ಸಿಟ್ಟು ಬಂದಿತ್ತು. ಅಷ್ಟು ದಿನ ಸುಳ್ಳು ಹೇಳಿ ನಂಬಿಸಿದವಳು, ಈಗ ನಿಜ ಹೇಳಿದರೆ ಒಬ್ಬರೂ ನಂಬುವವರಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಗಂಡಸರ ಬದಿಯಲ್ಲಿ ಯಾರೋ ಪ್ರಜ್ಞೆ ತಪ್ಪಿ ಬಿದ್ದರು. ನರ್ಸಮ್ಮ ಎದ್ದು ಓಡಿದಳು. ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು.

ಹೋಗಿ ಹಾಳೆ ತಿರುಗಿಸಿದೆ. ನನ್ನ ಹೆಸರು ಹುಡುಕುವುದು ಕಷ್ಟವಾಗಲಿಲ್ಲ, ನೂರು ಸಲ ಮಣ್ಣಿನಲ್ಲಿ ಬರೆದಿದ್ದೆ. ಒಂದು ಕಡೆ: "ನಾರಾಯಣಮ್ಮ. ಔಷಧಿ ಉಗುಳಿದಳು. ಕೇಳಿದರೆ ಸುಳ್ಳು." ಇನ್ನೊಂದು ಕಡೆ: "ಊಟ ಮಾಡಲಿಲ್ಲ. ಕೂಸಿಗಾಗಿ ಅತ್ತಳು." ಬೆರಳಿಟ್ಟುಕೊಂಡು ಓದುತ್ತ ಹೋದೆ. ಅಪೀಮು ಸಿಕ್ಕಿದ ದಿನಕ್ಕೆ ಬಂದೆ. "ಚಾಪೆಯ ಕೆಳಗೆ ಅಪೀಮು. ತನ್ನದಲ್ಲ ಎನ್ನುತ್ತಾಳೆ."

ಅದರ ಮುಂದೆ ಇನ್ನೊಂದು ಪದವಿತ್ತು. ಅದು ಓದಲು ಬರಲಿಲ್ಲ. ನ, ಪಕ್ಕದಲ್ಲಿ ಸೊನ್ನೆ. ಬ. ಇನ್ನೊಂದು ಬ. ಆಮೇಲೆ ಹು. ಆಮೇಲೆ ದು. ಮತ್ತೆ ಮತ್ತೆ ಕೂಡಿಸಿದೆ. ನಾವು ಮಾತಾಡುವಾಗ ಆ ಹಕಾರವನ್ನು ನುಂಗಿಯೇ ಬಿಡುತ್ತೇವೆ, "ನಂಬಬೌದು" ಎನ್ನುತ್ತೇವೆ. ಹಾಗಾಗಿ ಕಣ್ಣಿಗೆ ಕಂಡ ಪದ ಕಿವಿಗೆ ಗೊತ್ತಾಗಲು ಅಷ್ಟು ಹೊತ್ತು ಹಿಡಿಯಿತು. ಗೊತ್ತಾದ ಮೇಲೂ ನಾನು ತಪ್ಪು ಓದಿದೆನೇನೋ ಎಂದು ಮೊದಲಿನಿಂದ ಓದಿದೆ.

ನಂಬಬಹುದು.

ಹಿಂದೆ ಚಪ್ಪಲಿಯ ಸದ್ದಾಯಿತು. ನರ್ಸಮ್ಮ ಬಾಗಿಲಲ್ಲಿ ನಿಂತಿದ್ದಳು. ನನ್ನ ಬೆರಳು ಆ ಸಾಲಿನ ಮೇಲೇ ಇತ್ತು.

"ನಿನಗೆ ಓದೋಕೆ ಬರುತ್ತಾ?"

"ಈಗ ಬಂತು ಕಣಮ್ಮ," ಎಂದೆ.

ಅವಳು ಪುಸ್ತಕ ಮುಚ್ಚಿ, ಮೇಜಿನ ಖಾನೆಯಲ್ಲಿಟ್ಟು, ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವತ್ತಿನಿಂದ ಅದನ್ನು ಹೊರಗೆ ಬಿಟ್ಟದ್ದನ್ನು ನಾನು ಕಾಣಲಿಲ್ಲ. ಅದೂ ಸರಿಯೇ.

ರುಕ್ಮಿಣಮ್ಮ ಅದರ ಮುಂದಿನ ವಾರ ಯಾರಿಗೂ ಹೇಳದೆ ಹೊರಟುಹೋದಳು. ಅವಳ ಮೇಲೆ ನನಗೆ ಸಿಟ್ಟು ಬರಬೇಕಿತ್ತು, ಪೂರ್ತಿ ಬರಲಿಲ್ಲ. ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದ ಬೆರಳೂ ಅದೇ.

ಮೂರು ತಿಂಗಳು ಮುಗಿಯುವ ಮುಂಚೆ ಒಂದು ಬೆಳಗ್ಗೆ ಕಾಂಪೌಂಡರು ಅಳತೆಯ ಗಾಜನ್ನು ಬೆಳಕಿಗೆ ಹಿಡಿದ. ಖಾಲಿಯಿತ್ತು. ನೋವು ಮಾತ್ರ ಪೂರ್ತಿ ಹೋಗಿರಲಿಲ್ಲ, ಈಗಲೂ ಹೋಗಿಲ್ಲ. ಮುಟ್ಟಿನ ದಿನಗಳಲ್ಲಿ ಬರುತ್ತದೆ, ಬಿಸಿ ಇಟ್ಟಿಗೆ ಇಟ್ಟುಕೊಂಡು ಮಲಗುತ್ತೇನೆ, ಹೋಗುತ್ತದೆ. ಬಿಟ್ಟ ಮೇಲೆ ಎಲ್ಲ ಸರಿಹೋಗುತ್ತದೆಂದು ಯಾರಾದರೂ ಹೇಳಿದರೆ ಅವರ ಮಾತನ್ನು ಸ್ವಲ್ಪ ಅನುಮಾನದಿಂದಲೇ ಕೇಳಿ.

ಮನೆಗೆ ಬಂದಾಗ ಅತ್ತೆ ಹೊಸಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಗಂಟು ಕಿತ್ತುಕೊಂಡು ಒಂದೊಂದೇ ಬಟ್ಟೆ ಕೊಡವಿದಳು. ಎಲ್ಲ ಮುಗಿದ ಮೇಲೆ ಮುದ್ದೆ ಬಡಿಸಿ ಎದುರಿಗೆ ಕೂತಳು.

"ಒಂದು ಮಾತೇಳ್ತೀನಿ, ಬೇಜಾರು ಮಾ‌ಡ್ಕೊಬೇಡ. ಬೂದಿಕೋಟೆ ಕಡೆ ಒಂದೆಣ್ಣು ಕೇಳಿದ್ದೆ. ನೀನು ಬರಾಕಿಲ್ಲ ಅಂದ್ಕಂಡಿದ್ದೆ ಕಣಮ್ಮಿ. ಅವ್ನು ನನ್ಮೇಲೆ ಎಗರಾಡಿ ಎರಡು ದಿನ ಉಣ್ಣಲಿಲ್ಲ."

ಹಾಗಾದರೆ ನನ್ನ ತಲೆ ಪೂರ್ತಿ ಕೆಟ್ಟಿರಲಿಲ್ಲ. ಹೆಣ್ಣು ನೋಡುವ ಮಾತು ನಡೆದಿತ್ತು. ನೋಡಿದವರು ಮಾತ್ರ ನಾನು ಅಂದುಕೊಂಡವರಲ್ಲ. ಅಂಗಳದಲ್ಲಿ ಕೊಡಲಿ ಮಸೆಯುತ್ತಿದ್ದ ಕೃಷ್ಣಪ್ಪನಿಗೆ ನಮ್ಮ ಮಾತು ಕೇಳಿಸಿತ್ತು. ತಿರುಗಿ ನೋಡಲಿಲ್ಲ. ನಾನು ಮುದ್ದೆ ಮುರಿದು ನುಂಗಿದೆ. ಬಹಳ ದಿನದ ಮೇಲೆ ಆ ಮನೆಯಲ್ಲಿ ಯಾರೋ ನನಗೆ ನೇರವಾಗಿ ಒಂದು ನಿಜ ಹೇಳಿದ್ದರು.

ಆದರೆ ಲಚ್ಚಿ ನನ್ನ ಹತ್ತಿರ ಬರಲಿಲ್ಲ. ಅಜ್ಜಿಯ ಸೆರಗಿನ ಹಿಂದೆ ನಿಂತು ನೋಡಿದಳು. ನಾನು ಅನ್ನ ಕಲಸಿ ತುತ್ತು ಹಿಡಿದರೆ ಎರಡು ತುಟಿಯನ್ನೂ ಒಳಕ್ಕೆಳೆದುಕೊಂಡು ಬಿಗಿಯಾಗಿ ಮುಚ್ಚಿದಳು. ಅಜ್ಜಿ ಕೊಟ್ಟರೆ ತಿಂದಳು, ಅಪ್ಪ ಕೊಟ್ಟರೆ ತಿಂದಳು. ನನ್ನ ಕೈಯೆಂದರೆ ಬಾಯಿ ಮುಚ್ಚುತ್ತಿದ್ದಳು. ಅವಳಿಗೆ ಮಾತು ಸರಿಯಾಗಿ ಬರುತ್ತಿರಲಿಲ್ಲ, ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ನಾಲಿಗೆಗೆ ನೆನಪಿತ್ತು. ಕೃಷ್ಣಪ್ಪ ಅವತ್ತು ಬೇವಿನ ಮರದಡಿ ಯಾಕೆ ತಡೆದು ಉತ್ತರ ಕೊಟ್ಟನೆಂದು ನನಗೆ ಆಗ ಗೊತ್ತಾಯಿತು.

ಡಾಕ್ಟರ ಗಾಜು, ನರ್ಸಮ್ಮನ ಪುಸ್ತಕ ಎಲ್ಲ ಅವಳ ಮುಂದೆ ಏನೂ ಅಲ್ಲ. ಎರಡೂವರೆ ವರ್ಷದ ಮಗುವಿಗೆ ಯಾವ ಅಳತೆ ತೋರಿಸಲಿ? ಬಲವಂತ ಮಾಡಬಾರದೆಂದು ಮಾತ್ರ ಗೊತ್ತಿತ್ತು. ದಿನಾ ಕಲಸುತ್ತಿದ್ದೆ, ಹಿಡಿಯುತ್ತಿದ್ದೆ, ಅವಳು ಮುಖ ತಿರುಗಿಸಿದರೆ ತಟ್ಟೆಯನ್ನು ಅತ್ತೆಗೆ ಕೊಡುತ್ತಿದ್ದೆ. ಅತ್ತೆ ಒಂದು ದಿನ, "ಬಿಡಮ್ಮಿ, ದೊಡ್ಡೋಳಾದ್ರೆ ಮರೀತಾಳೆ," ಎಂದಳು. ಮರೆಯಲಿ ಎಂದು ನನಗೆ ಅನ್ನಿಸಲಿಲ್ಲ.

ಹೀಗೆ ಒಂದು ತಿಂಗಳ ಮೇಲಾಗಿತ್ತು. ಒಂದು ಬೆಳಗ್ಗೆ ಬಿಸಿಲಿನಲ್ಲಿ ಕೂತು ಮಜ್ಜಿಗೆ ಅನ್ನ ಕಲಸುತ್ತಿದ್ದೆ. ಲಚ್ಚಿ ತಾನೇ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ನನ್ನ ಕೈ ನೋಡಿದಳು, ಮುಖ ನೋಡಿದಳು. ನಾನು ತುತ್ತು ಹಿಡಿದೆ. ಅವಳು ಬಾಯಿ ತೆರೆಯಲಿಲ್ಲ. ನನ್ನ ಮಣಿಕಟ್ಟನ್ನು ತನ್ನ ಎರಡೂ ಕೈಯಿಂದ ಹಿಡಿದು ಹಿಂದಕ್ಕೆ ತಳ್ಳಿ, ತುತ್ತನ್ನು ನನ್ನ ಬಾಯಿಯ ಹತ್ತಿರ ತಂದಳು.

"ನೀ ತಿನ್ನು," ಎಂದಳು.

ತಿಂದೆ. ನುಂಗಿದೆ. ನುಂಗಿದೆನೆಂದು ಬಾಯಿ ತೆರೆದು ತೋರಿಸಿದೆ. ಅವಳು ಬಗ್ಗಿ ನನ್ನ ಬಾಯೊಳಗೆ ಚೆನ್ನಾಗಿ ನೋಡಿದಳು. ಆಮೇಲೆ ತನ್ನ ಬಾಯಿ ತೆರೆದಳು.

ಒಂದು ವರ್ಷದ ತನಕ ಪ್ರತಿ ಊಟದಲ್ಲೂ ಮೊದಲ ತುತ್ತು ನನ್ನದೇ ಆಗಿತ್ತು. ಯಾವತ್ತೂ ಬೇಸರಪಟ್ಟುಕೊಳ್ಳಲಿಲ್ಲ.